ಬೆಲ್ಲು ಎದ್ದು ನಿಂತ ಪ್ರಸಂಗಗಳು

ಬೇರೆಯವರಿಗೆ ಇಂಥವು ವರ್ಷಕ್ಕೊಂದು ನಡೆದರೆ ನನಗೆ ವಾರಕ್ಕೊಂದು ನಡೆಯುತ್ತವೆ. ಭಾನುವಾರ ಮನೆಯಿಂದ ಹೊರಬೀಳದೆ ಕೂತರೂ ಬಿಡುವುದಿಲ್ಲ, ಕೊರಿಯರ್‌ನವನು ಬಂದು ಬಾಗಿಲಲ್ಲಿ ನನ್ನ ಮುಖ ನೋಡಿ, ಆಮೇಲೆ ನನ್ನ ಕಾಲು ನೋಡುತ್ತಾನೆ.

ಕಾಲು ನೋಡುವುದಕ್ಕೆ ಕಾರಣವಿದೆ. ಒಂಬತ್ತನೆಯ ವಯಸ್ಸಿನಿಂದ ಹದಿಮೂರರವರೆಗೆ ನಾನು ಒಂದು ದಿನಧಾರಾವಾಹಿಯಲ್ಲಿ ಬೆಲ್ಲು ಎಂಬ ಹುಡುಗನಾಗಿದ್ದೆ. ಬೆಲ್ಲುವಿಗೆ ನಡೆಯಲು ಬರುತ್ತಿರಲಿಲ್ಲ. ಗಾಲಿಕುರ್ಚಿಯಲ್ಲಿ ಕೂತು ದಿನಕ್ಕೊಂದು ಸಲ, "ಅಮ್ಮಾ, ಒಂದಿನ ನಾನು ಎದ್ದು ನಿಲ್ತೀನಿ, ನೋಡ್ತಿರು" ಎನ್ನಬೇಕು. ಅಮ್ಮನ ಪಾತ್ರದವರು ಅಳಬೇಕು. ಅವರು ಅತ್ತರೆ ಊರೆಲ್ಲ ಅಳುತ್ತಿತ್ತು. ನಾಲ್ಕು ವರ್ಷ ಹೀಗೆ ಹೇಳಿದೆ, ಒಂದು ದಿನವೂ ಎದ್ದು ನಿಲ್ಲಲು ಬಿಡಲಿಲ್ಲ.

ಈಗ ನನಗೆ ಮೂವತ್ತೇಳು. ಮೊನ್ನೆ ಮೊನ್ನೆಯವರೆಗೆ ಪೀಣ್ಯದ ಒಂದು ಪ್ರೆಸ್ ಶಾಪ್‌ನಲ್ಲಿ ಸೇಫ್ಟಿ ಆಫೀಸರ್ ಆಗಿದ್ದೆ. ಪ್ರೆಸ್ ಎಂದರೆ ಕಾಗದದ ಮೇಲೆ ಅಚ್ಚು ಹಾಕುವುದಲ್ಲ, ಕಬ್ಬಿಣದ ತಗಡನ್ನು ಒಂದೇ ಏಟಿಗೆ ಒತ್ತಿ ಗಾಡಿಗಳ ಬಿಡಿಭಾಗ ಮಾಡುವ ಯಂತ್ರ. ಸೇಫ್ಟಿ ಆಫೀಸರನ ಕೈಯಲ್ಲಿರುವ ಏಕೈಕ ಉಪಕರಣ ಅವನ ಮಾತು. ನಿಲ್ಲಿಸಿ ಎಂದರೆ ನಿಲ್ಲಬೇಕು. ನಮ್ಮ ಆರನೇ ಪ್ರೆಸ್ಸಿಗೆ ಗಾರ್ಡ್, ಅಂದರೆ ಕೈ ಒಳಹೋಗದಂತೆ ಕಾಯುವ ಕಬ್ಬಿಣದ ಅಡ್ಡ, ಇರಲಿಲ್ಲ. ಆಪರೇಟರ್ ತಗಡಿಟ್ಟು, ಕೈ ತೆಗೆದು, ಪೆಡಲ್ ಒತ್ತಬೇಕು. ಒಂದು ಸಲ ಲೆಕ್ಕ ತಪ್ಪಿದರೆ ತಗಡಿಗಾದದ್ದೇ ಕೈಗೂ ಆಗುತ್ತದೆ. ಅದಕ್ಕೊಂದು ಗಾರ್ಡ್ ಹಾಕಿಸಲು ಮೂರು ವರ್ಷ ಹೆಣಗಿದೆ. ನನ್ನ ಮಾತನ್ನು ನನ್ನ ಮಾತು ಎಂದು ಒಬ್ಬರಾದರೂ ಕೇಳಿಸಿಕೊಂಡಿದ್ದರೆ ಮೂರು ದಿನದ ಕೆಲಸ. ಯಾಕೆ ಕೇಳಿಸಿಕೊಳ್ಳಲಿಲ್ಲ ಎನ್ನುವುದಕ್ಕೆ ಕೆಲವು ಸಾಕ್ಷಿಗಳನ್ನು ಕೊಡುತ್ತೇನೆ. ನಗುವವರು ನಗಬಹುದು, ನನ್ನದೇನೂ ಅಭ್ಯಂತರವಿಲ್ಲ. ಅಭ್ಯಾಸವಾಗಿದೆ.

ಅಜ್ಜಿಯ ಸೋಮವಾರಗಳು

ಮೊದಲ ಕೆಲಸ ಎಲೆಕ್ಟ್ರಾನಿಕ್ ಸಿಟಿಯ ಕಡೆ, ವಾಸ ಹೆಬ್ಬಗೋಡಿಯಲ್ಲಿ. ಒಂದು ಬೆಳಿಗ್ಗೆ ಹೊಸೂರು ರಸ್ತೆಯಲ್ಲಿ ಹೊರಟ ಬಸ್ಸನ್ನು ಅಟ್ಟಿಸಿಕೊಂಡು ಹೋಗಿ ಹತ್ತಿದೆ. ಏದುಸಿರು ಬಿಡುತ್ತ ನಿಂತಿದ್ದೇನೆ, ಮುಂದಿನ ಸೀಟಿನ ಒಬ್ಬ ಅಜ್ಜಿ ನನ್ನನ್ನೇ ನೋಡುತ್ತಿದ್ದಾರೆ. ಕಣ್ಣಲ್ಲಿ ನೀರು.

"ಬೆಲ್ಲು ಅಲ್ವಾ ನೀನು? ಕಾಲು ಬಂತಾ ಕಂದಾ?"

ಸುಳ್ಳು ಹೇಳುವುದು ನನಗಾಗದು. ಅಜ್ಜಿ, ಅದು ಬರೀ ಪಾತ್ರ, ನನ್ನ ಕಾಲು ಹುಟ್ಟಿನಿಂದಲೂ ಚೆನ್ನಾಗಿಯೇ ಇದೆ, ಶೂಟಿಂಗ್ ಮುಗಿದ ಮೇಲೆ ಅದೇ ಗಾಲಿಕುರ್ಚಿಯನ್ನು ತಳ್ಳಿಕೊಂಡು ಅಂಗಳವೆಲ್ಲ ಓಡುತ್ತಿದ್ದೆ ಎಂದು ವಿವರಿಸಿದೆ. ಅಜ್ಜಿಯ ಕಣ್ಣೀರು ನಿಂತಿತು. ಮುಖ ಬಿಗಿಯಿತು. ನನ್ನ ಕಾಲಿಗಾಗಿ ಮನೆದೇವರಿಗೆ ಹರಕೆ ಹೊತ್ತು ಹದಿನಾರು ಸೋಮವಾರ ಒಪ್ಪೊತ್ತು ಇದ್ದರಂತೆ. ಆ ಸೋಮವಾರಗಳ ಗತಿ ಏನು ಎಂದು ಕೇಳಿದರು. ನಿಮ್ಮ ಶ್ರದ್ಧೆ ದೊಡ್ಡದು, ಆದರೆ ವಾಸ್ತವ ಬೇರೆ ಎಂದೆ. ಕಂಡಕ್ಟರ್ ಟಿಕೆಟ್ ಹರಿಯುವುದು ನಿಲ್ಲಿಸಿ, ಯಾಕೆ ಸಾರ್ ವಯಸ್ಸಾದೋರ ಹತ್ರ ವಾದ ಮಾಡ್ತೀರಿ ಎಂದು ಗದರಿಸಿದ. ಅಜ್ಜಿ ಇಳಿಯುವ ಮುಂಚೆ ಇಡೀ ಬಸ್ಸಿಗೆ ಕೇಳುವಂತೆ ತೀರ್ಪು ಕೊಟ್ಟರು:

"ದೇವರು ಕಾಲು ಕೊಟ್ಟ. ನಿಯತ್ತು ಕೊಡೋದು ಮರೆತುಬಿಟ್ಟ."

ತುಟಿ ಮಾತ್ರ ನನ್ನದು

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. ಬೆಲ್ಲುವಿನ ಧ್ವನಿ ನನ್ನದಲ್ಲ. ಧಾರಾವಾಹಿಗಳಲ್ಲಿ ಮಕ್ಕಳ ಪಾತ್ರಕ್ಕೆ ದೊಡ್ಡವರು ಡಬ್ಬಿಂಗ್ ಮಾಡುವುದು ಮಾಮೂಲು. ನನಗೆ ಧ್ವನಿ ಕೊಟ್ಟವರು ನಲವತ್ತು ದಾಟಿದ ಒಬ್ಬ ಹೆಂಗಸು, ಪಿಯುಸಿ ಓದುವ ಮಗನ ತಾಯಿ. ಫ್ಲಾಸ್ಕಿನಲ್ಲಿ ಮೆಣಸಿನ ಕಷಾಯ ತಂದು, ಒಂದು ಗುಟುಕು ಕುಡಿದು, ಮೂಗನ್ನು ಸ್ವಲ್ಪ ಒತ್ತಿಕೊಂಡು "ಅಮ್ಮಾ" ಎನ್ನುತ್ತಿದ್ದರು. ಇಂಗ್ಲಿಷ್ ಮೀಡಿಯಂ ಶಾಲೆಯ ನನ್ನ ಕನ್ನಡ ಕೇಳಿ ನಿರ್ದೇಶಕರು ಮೊದಲ ದಿನವೇ, ನೀನು ತುಟಿ ಆಡಿಸಿದರೆ ಸಾಕಪ್ಪ ಎಂದಿದ್ದರು. ಆಡಿಸಿದೆ.

ವೈಟ್‌ಫೀಲ್ಡಿನ ಒಂದು ದೊಡ್ಡ ಐಟಿ ಕ್ಯಾಂಪಸ್ಸಿನಲ್ಲಿ ಫೈರ್ ಅಂಡ್ ಸೇಫ್ಟಿ ಹುದ್ದೆಗೆ ಸಂದರ್ಶನ. ಮಾರತ್ತಹಳ್ಳಿಯಲ್ಲಿ ಬಸ್ಸು ಎರಡು ಗಂಟೆ ನಿಂತೀತೆಂದು ಲೆಕ್ಕ ಹಾಕಿ ನಾಲ್ಕು ಗಂಟೆ ಮುಂಚೆ ಹೊರಟವನು ನಾನು. ಮೂರು ಜನ ಎದುರಿಗೆ. ಬೆಂಕಿ ಬಿದ್ದಾಗ ಏಳನೇ ಮಹಡಿಯಿಂದ ಜನರನ್ನು ಇಳಿಸುವ ಕ್ರಮ ವಿವರಿಸುತ್ತಿದ್ದೆ. ಮಧ್ಯದಲ್ಲಿ ಕೂತಿದ್ದ ಮೇಡಂ ಪೆನ್ನು ಕೆಳಗಿಟ್ಟು, ನೀವು ಬೆಲ್ಲುನಾ ಎಂದರು. ಹೌದೆಂದೆ. ಒಂದೇ ಒಂದು ಸಲ ಆ ಡೈಲಾಗ್ ಹೇಳಿ ಪ್ಲೀಸ್ ಎಂದರು.

ಅದು ನನ್ನ ಧ್ವನಿಯಲ್ಲ, ನಾನು ಹೇಳಿದರೆ ಮೋಸವಾಗುತ್ತದೆ ಎಂದು ವಿವರವಾಗಿ ತಿಳಿಸಿದೆ. ಕಷಾಯದ ವಿಷಯವನ್ನೂ ಹೇಳಿದೆ. ಮೂವರೂ ಮುಖ ಮುಖ ನೋಡಿಕೊಂಡರು. ಪಕ್ಕದವರು, ಪರವಾಗಿಲ್ಲ, ಹಾಗಾದರೆ ತುಟಿನಾದ್ರೂ ಆಡಿಸಿ ಎಂದರು. ಆಡಿಸಲಿಲ್ಲ.

ಕೆಲಸ ಸಿಗಲಿಲ್ಲ. ಯಾಕೆಂದು ಅಲ್ಲಿದ್ದ ಪರಿಚಯದವನನ್ನು ವಿಚಾರಿಸಿದೆ. ನನ್ನ ಹೆಸರಿನ ಮುಂದೆ ಹೀಗೆ ಬರೆದಿದ್ದರಂತೆ: "ವಿಷಯ ಗೊತ್ತಿದೆ. ಆದರೆ ತಾನು ಮಾಡಿದ ಕೆಲಸವನ್ನು ತನ್ನದೆಂದು ಒಪ್ಪಿಕೊಳ್ಳುವ ಗುಣವಿಲ್ಲ."

ಚೆಂಡು

ನನ್ನ ನಟನಾ ಜೀವನ ಹೇಗೆ ಮುಗಿಯಿತೆಂದು ಕೇಳುವವರಿಗೆ, ಚೆಂಡು ಬಿತ್ತು ಎನ್ನುತ್ತೇನೆ. ತಮಾಷೆ ಎಂದುಕೊಳ್ಳುತ್ತಾರೆ.

ಹದಿಮೂರಕ್ಕೆ ಮೇಲ್ತುಟಿಯ ಮೇಲೆ ಕರಿ ಗೆರೆ ಮೂಡಿತು. ಮೇಕಪ್‌ನವರು ಒಂದು ತಿಂಗಳು ಪೌಡರ್ ಮೆತ್ತಿ ಕಾಪಾಡಿದರು. ಆಮೇಲೊಂದು ದಿನ, ಬೆಲ್ಲುವಿನ ತೊಡೆಯಿಂದ ಚೆಂಡು ಉರುಳುವ ದೃಶ್ಯ ತೆಗೆದರು. ನಾನು ಬಗ್ಗಿದೆ, ಕೈ ಚಾಚಿದೆ. ಕಟ್ ಎಂದರು. ಮುಂದಿನದು ನಾಳೆ ಎಂದು ಮನೆಗೆ ಕಳಿಸಿದರು.

ಆ ನಾಳೆಯ ಕರೆ ಬರಲಿಲ್ಲ. ಎಪಿಸೋಡ್ ಬಂತು. ನಮ್ಮಪ್ಪ ದಾವಣಗೆರೆ ಕಡೆಯವರು, ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಮಗನನ್ನು ನಟನೆಗೆ ಬಿಟ್ಟದ್ದು ಅವರಿಗೆ ಒಳಗೊಳಗೆ ಹೆಮ್ಮೆ, ಹೊರಗೆ ಸಂಕೋಚ. ಅವತ್ತು ಮಾತ್ರ ಅಪಾರ್ಟ್‌ಮೆಂಟಿನ ಅಕ್ಕಪಕ್ಕದವರನ್ನೆಲ್ಲ ಕರೆದು ಮಂಡಕ್ಕಿ ಮೆಣಸಿನಕಾಯಿ ಮಾಡಿಸಿದ್ದರು. ಚೆಂಡು ಉರುಳಿತು. ಬೆಲ್ಲು ಬಗ್ಗಿದ. ಚೆಂಡನ್ನು ಎತ್ತಿದ ಕೈಯಲ್ಲಿ ವಾಚಿತ್ತು, ತೋಳಿನ ಮೇಲೆ ಕೂದಲಿತ್ತು. ಕ್ಯಾಮೆರಾ ಮೇಲೆ ಹೋದರೆ ಆರಡಿ ಎತ್ತರದ, ಗಡ್ಡ ಟ್ರಿಮ್ ಮಾಡಿದ ಒಬ್ಬ ಯುವಕ ನಿಂತಿದ್ದ. ಹೌದು, ನಿಂತಿದ್ದ. ನಾಲ್ಕು ವರ್ಷ ನಾನು ಕಾದ ದೃಶ್ಯವದು. ಕೆಳಗೆ ಅಕ್ಷರ ಬಂತು: ಹದಿನೈದು ವರ್ಷಗಳ ನಂತರ.

ಅಪ್ಪ ಪ್ಲೇಟು ಕೆಳಗಿಟ್ಟರು. ಅಮ್ಮ ಮೆಲ್ಲಗೆ, ಬಗ್ಗಿದ್ದಾದ್ರೂ ನೀನೇ ಅಲ್ಲೇನೋ ಎಂದು ನನ್ನ ಬೆನ್ನು ಸವರಿದರು. ಎದುರು ಮನೆಯ ಆಂಟಿ ಟೀವಿಯನ್ನೂ ನನ್ನನ್ನೂ ಎರಡೆರಡು ಸಲ ನೋಡಿ, ಸಮಾಧಾನ ಹೇಳಬೇಕೆಂದೇ ಹೇಳಿದರು:

"ಬೇಜಾರ್ ಮಾಡ್ಕೋಬೇಡ ಪುಟ್ಟಾ, ದೊಡ್ಡೋನಾದ್ಮೇಲೆ ಎಷ್ಟು ಚೆನ್ನಾಗ್ ಕಾಣ್ತೀಯ ನೋಡು."

ನಡೆದು ತೋರಿಸುವ ಶಾಸ್ತ್ರ

ಹೆಣ್ಣು ನೋಡಲು ಹೋದಾಗ ಹುಡುಗಿಯನ್ನು ನಡೆಸಿ ನೋಡುವ ಕಾಲ ಮುಗಿದಿದೆ ಎಂದು ನಾನು ನಂಬಿದ್ದೆ. ಹಾಗೆ ನಡೆಸುವುದು ಅವಮಾನ, ನಮ್ಮ ಕಡೆಯಿಂದ ಯಾರೂ ಅಂಥದ್ದು ಕೇಳಕೂಡದು ಎಂದು ಅಪ್ಪ ಅಮ್ಮನಿಗೆ ದಾರಿಯುದ್ದಕ್ಕೂ ತಾಕೀತು ಮಾಡಿಕೊಂಡು ಹೋಗಿದ್ದೆ. ಹುಡುಗಿಯ ಮನೆಯವರು ಗದಗಿನ ಕಡೆಯವರು, ಈಗ ಇಲ್ಲೇ ಫ್ಲಾಟಿನಲ್ಲಿ. ಉಪ್ಪಿಟ್ಟು, ಚಹಾ ಆಯಿತು. ಆಗ ಅವರ ಅಜ್ಜಿ ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ತಪ್ಪ ತಿಳೀಬ್ಯಾಡ್ರಿ ತಮ್ಮಾ. ಒಂದೀಟು ಅತ್ತಾಗ ಇತ್ತಾಗ ಅಡ್ಡಾಡಿ ತೋರಸ್ರಿ."

ಮೂವತ್ತು ವರ್ಷದ ಗಂಡಸು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹನ್ನೊಂದು ಜನರ ಎದುರು ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲ್‌ಗೆ ನಡೆದೆ. ಅಜ್ಜಿ ಎಡಗಾಲಿನ ಬಗ್ಗೆ ಸಂಶಯ ವ್ಯಕ್ತಪಡಿಸಿದ್ದರಿಂದ ಇನ್ನೊಂದು ಸುತ್ತು. ಕೋಪ ತೋರಿಸದಿರಲು ಎದುರಿಗಿದ್ದ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಹೋಗಿ ಅಡಿಗೆಮನೆಯಲ್ಲಿಟ್ಟು ಬಂದೆ.

ಹುಡುಗಿ ಒಪ್ಪಿದಳು. ನಡಿಗೆ ನೋಡಿ ಒಪ್ಪಿದೆಯಾ ಎಂದು ಮದುವೆಯಾದ ಮೇಲೆ ಕೇಳಿದೆ. ಇಲ್ಲವಂತೆ, ಕಪ್ಪು ಎತ್ತಿಟ್ಟದ್ದು ನೋಡಿ ಒಪ್ಪಿದಳಂತೆ. "ಏಳು ವರ್ಷಾತು, ಮತ್ತ ಒಂದ ಕಪ್ಪು ಎತ್ತಿಲ್ಲ ನೀವು. ಅವತ್ತಿಂದೂ ಆ್ಯಕ್ಟಿಂಗ ಇತ್ತು" ಎನ್ನುತ್ತಾಳೆ. ಇದೊಂದು ಆರೋಪಕ್ಕೆ ಮಾತ್ರ ನನ್ನ ಬಳಿ ಸಮರ್ಥನೆ ಇಲ್ಲ.

ಕೆಂಪು ಚೀಟಿ

ಪೀಣ್ಯಕ್ಕೆ ಬಂದ ಮೊದಲ ವಾರವೇ ಆರನೇ ಪ್ರೆಸ್ಸಿಗೆ ಕೆಂಪು ಚೀಟಿ ಕಟ್ಟಿದೆ. "ಅಪಾಯ. ನಡೆಸಬಾರದು" ಎಂದು ಬರೆದು, ಕೆಳಗೆ ನನ್ನ ಸಹಿ. ಆ ಚೀಟಿ ಇರುವಷ್ಟು ಹೊತ್ತು ಯಂತ್ರ ಮುಟ್ಟಕೂಡದು ಎಂಬುದು ನಿಯಮ.

ಊಟದ ವಿರಾಮ ಮುಗಿಸಿ ಬಂದರೆ ಯಂತ್ರ ಧಡಧಡ ಓಡುತ್ತಿದೆ, ಚೀಟಿ ಇಲ್ಲ. ಇನ್ನೊಂದು ಕಟ್ಟಿದೆ. ಅದೂ ಮಾಯ. ಎರಡು ತಿಂಗಳಲ್ಲಿ ಹದಿನೆಂಟು ಚೀಟಿ ಹೋದವು. ಉತ್ಪಾದನೆ ನಿಲ್ಲಬಾರದೆಂದು ಯಾರೋ ಕಿತ್ತು ಎಸೆಯುತ್ತಿದ್ದಾರೆ ಎಂದು ತಿಳಿದು ಲಿಖಿತ ದೂರು ಕೊಟ್ಟೆ. ಮಾಲೀಕರು ನಕ್ಕು, ಫೈಲಿಗೆ ಹಾಕಿದರು.

ಅದೇ ತಿಂಗಳು ಪ್ರೊಡಕ್ಷನ್ ಮ್ಯಾನೇಜರ್ ಮನೆಯ ಗೃಹಪ್ರವೇಶಕ್ಕೆ ಹೋದೆ. ಹಾಲ್‌ನ ಟೀವಿ ಶೋಕೇಸಿನಲ್ಲಿ ಬೆಳ್ಳಿ ಗಣಪತಿಯ ಪಕ್ಕ ನನ್ನ ಕೆಂಪು ಚೀಟಿ ನಿಂತಿತ್ತು. ಲ್ಯಾಮಿನೇಶನ್ ಮಾಡಿಸಿದ್ದರು. ನನ್ನನ್ನು ಕಂಡು ಅವರ ಅತ್ತೆ ಓಡಿ ಬಂದು ಕೈಹಿಡಿದರು. ಅಳಿಯನಿಗೆ ಹೇಳಿ ಹೇಳಿ ಸಾಕಾಗಿ ಕೊನೆಗೆ ತಂದುಕೊಟ್ಟನಂತೆ, ಬೆಲ್ಲು ಆಟೋಗ್ರಾಫ್. ಉಳಿದ ಹದಿನೇಳೂ ಬೀದಿಯ ಬೇರೆ ಬೇರೆ ಮನೆಗಳಿಗೆ ಹಂಚಿಹೋಗಿದ್ದವು.

ಪೀಣ್ಯದ ಒಂದು ಬೀದಿಯಲ್ಲಿ ಈಗಲೂ ಹದಿನೆಂಟು ಟೀವಿ ಶೋಕೇಸುಗಳನ್ನು ನಡೆಸಬಾರದು.

ಹಳದಿ ಗಾರ್ಡ್

ಆ ಪ್ರೆಸ್ಸಿನ ಆಪರೇಟರ್ ಐವತ್ತರ ಹತ್ತಿರದ ಮನುಷ್ಯ, ಇಲ್ಲಿಯವರೇ. ನಮ್ಮ ಶೆಡ್ ನಿಂತಿರುವ ಜಾಗದಲ್ಲಿ ಅವರ ತಾತ ರಾಗಿ ಬೆಳೆಯುತ್ತಿದ್ದರಂತೆ. ಕೆಲಸದಲ್ಲಿ ಗಟ್ಟಿಗ. ಗಂಟೆಗೆ ಇಷ್ಟು ಪೀಸು ಎಂದರೆ ಅದಕ್ಕಿಂತ ಐವತ್ತು ಹೆಚ್ಚು, ಹೆಚ್ಚಿದ್ದಕ್ಕೆ ಬೇರೆ ಕಾಸು. ಅವರ ಕೈ ಅಚ್ಚಿನ ಕೆಳಗೆ ಹೋಗಿ ಬರುವುದನ್ನು ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಪಕ್ಕದ ಶೆಡ್ಡಿನಲ್ಲಿ ಇಂಥದೇ ಪ್ರೆಸ್ ಒಬ್ಬರ ಮೂರು ಬೆರಳು ತೆಗೆದುಕೊಂಡು ಹೆಚ್ಚು ದಿನವಾಗಿರಲಿಲ್ಲ.

ಸುರಕ್ಷತಾ ಸಪ್ತಾಹ ಬಂತು. ಕೊನೆಯ ದಿನ ನಮ್ಮಿಂದ ಮಾಲು ಕೊಳ್ಳುವ ದೊಡ್ಡ ಕಂಪನಿಯ ಆಡಿಟರ್ ಬರುವವರಿದ್ದರು. ಮಾಲೀಕರು ನನ್ನನ್ನು ಕರೆಸಿ, ಒಂದು ಸೇಫ್ಟಿ ನಾಟಕ ಆಗಲಿ, ಬೆಲ್ಲು ದೊಡ್ಡವನಾಗಿ ಫ್ಯಾಕ್ಟರಿ ಸೇರಿ ಅಜಾಗರೂಕತೆಯಿಂದ ಮತ್ತೆ ಗಾಲಿಕುರ್ಚಿಗೆ ಬೀಳುವ ಕಥೆ, ನೀವೇ ಹೀರೋ ಎಂದರು. ಗಾಲಿಕುರ್ಚಿಯಲ್ಲಿ ಇನ್ನು ಕೂರುವುದಿಲ್ಲವೆಂದು ಹದಿಮೂರನೆಯ ವಯಸ್ಸಿನಲ್ಲಿ ಶಪಥ ಮಾಡಿದ್ದವನು ನಾನು. ಆದರೂ, ಆರನೇ ಪ್ರೆಸ್ಸಿಗೆ ಗಾರ್ಡ್ ಹಾಕಿಸಿದರೆ ಕೂರುತ್ತೇನೆ ಎಂದೆ.

"ಅಷ್ಟೇ ತಾನೆ? ಆಡಿಟರ್ ಬರೋ ಹೊತ್ತಿಗೆ ಗಾರ್ಡ್ ಇರುತ್ತೆ. ನೀವು ಪ್ರಾಕ್ಟೀಸ್ ಮಾಡ್ಕೊಳ್ಳಿ" ಎಂದರು.

ಕೂತೆ. ಇಪ್ಪತ್ತನಾಲ್ಕು ವರ್ಷಗಳ ನಂತರ ಕೂತೆ. ಕ್ಯಾಂಟೀನಿನ ಮುಂದೆ ಶಾಮಿಯಾನ, ನೂರೈವತ್ತು ಜನ. ಆ ಡೈಲಾಗನ್ನು ಮೊದಲ ಬಾರಿ ನನ್ನ ಸ್ವಂತ ಗಂಟಲಿನಲ್ಲಿ ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬ, ವಾಯ್ಸ್ ಮ್ಯಾಚ್ ಆಗ್ತಿಲ್ಲ ಗುರು ಎಂದ. ಆದರೂ ಜನ ಅತ್ತರು. ಆಡಿಟರ್ ಕನ್ನಡಕ ತೆಗೆದು ಒರೆಸಿಕೊಂಡರು, ಅವರ ತಾಯಿ ಬೆಲ್ಲು ನೋಡದೆ ಊಟ ಮಾಡುತ್ತಿರಲಿಲ್ಲವಂತೆ.

ನಾಟಕ ಮುಗಿಸಿ ಎಲ್ಲರೂ ಶೆಡ್ಡಿಗೆ ಬಂದೆವು. ಆರನೇ ಪ್ರೆಸ್ಸಿಗೆ ಗಾರ್ಡ್ ಇತ್ತು. ಹಳದಿ ಬಣ್ಣ, ಮೇಲೆ ಕಪ್ಪು ಪಟ್ಟೆ, ನಾಲ್ಕು ಮೂಲೆಗೆ ನಾಲ್ಕು ಬೋಲ್ಟು. ಆಡಿಟರ್ ತಮ್ಮ ಪಟ್ಟಿಯಲ್ಲಿ "ಗಾರ್ಡ್ ಇದೆ" ಎಂಬಲ್ಲಿಗೆ ಬಂದು, ಸೇಫ್ಟಿ ಆಫೀಸರ್ ಸಹಿ ಮಾಡಿ ಎಂದು ಪೆನ್ನು ಕೊಟ್ಟರು.

ಪೆನ್ನು ಹಿಡಿದವನು ಇನ್ನೊಮ್ಮೆ ನೋಡಿದೆ. ನನ್ನ ಬಾಲ್ಯವೆಲ್ಲ ಸೆಟ್ಟಿನಲ್ಲಿ ಕಳೆದಿದೆ. ದೇವಸ್ಥಾನದ ಕಲ್ಲುಕಂಬ, ಜಮೀನ್ದಾರನ ಕಬ್ಬಿಣದ ಗೇಟು, ಬೆಲ್ಲು ಅಪ್ಪನ ಸಮಾಧಿ, ಎಲ್ಲವನ್ನೂ ಒಂದು ಬೆರಳಿನಲ್ಲಿ ಎತ್ತಿ ಆಡಿದವನು. ಕಬ್ಬಿಣದ ಮೇಲೆ ಬೆಳಕು ಬೀಳುವ ರೀತಿ ಬೇರೆ, ಥರ್ಮಾಕೋಲ್ ಮೇಲೆ ಬೀಳುವ ರೀತಿ ಬೇರೆ. ನಾಟಕದ ಹಿನ್ನೆಲೆ ಬರೆದ ಪೇಂಟರೇ ಇದನ್ನೂ ಮಾಡಿದ್ದ. ಬೋಲ್ಟುಗಳು ಬಾಟಲಿಯ ಮುಚ್ಚಳ.

ಪೆನ್ನು ವಾಪಸ್ ಕೊಟ್ಟು, ತೋರುಬೆರಳಿನಿಂದ ಗಾರ್ಡನ್ನು ಒತ್ತಿದೆ. ಬೆರಳು ಆ ಕಡೆ ಹೋಯಿತು. ಇಡೀ ಗಾರ್ಡನ್ನು ಎರಡು ತುಂಡು ಮಾಡಿ ಆಡಿಟರ ಕೈಗಿಟ್ಟು, ಇದು ಥರ್ಮಾಕೋಲ್, ಈ ಆಪರೇಟರ್ ಕೈ ಮಾತ್ರ ನಿಜವಾದದ್ದು ಎಂದೆ. ಬಿಳಿ ಕಾಳುಗಳು ಎಲ್ಲರ ಶೂ ಮೇಲೆ ಉದುರಿದವು.

ಆಮೇಲೆ ಚಪ್ಪಾಳೆ ಕೇಳಿಸಿತು. ಮೊದಲು ತಟ್ಟಿದವರು ಮಾಲೀಕರು. ಅವರ ಬುದ್ಧಿಯ ಚುರುಕನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. "ನಕಲಿ ಗಾರ್ಡ್‌ನಿಂದ ಏನಾಗುತ್ತೆ ಅಂತ ನಮ್ಮವರಿಗೆ ಮನಸ್ಸಿಗೆ ನಾಟೋ ಹಾಗೆ ತೋರಿಸಿದ್ದು ಸಾರ್, ಇದೇ ಕ್ಲೈಮ್ಯಾಕ್ಸ್" ಎಂದು ಆಡಿಟರಿಗೆ ವಿವರಿಸಿದರು. ಶೆಡ್ಡೆಲ್ಲ ಚಪ್ಪಾಳೆ.

"ಇದು ನಾಟಕ ಅಲ್ಲ" ಎಂದೆ.

"ಡೆಲಿವರಿ ನೋಡ್ರೀ ಮನುಷ್ಯಂದು" ಎಂದು ಆಡಿಟರ್ ಪಕ್ಕದವರಿಗೆ ಹೇಳಿದರು.

ನನ್ನ ಜೇಬಿನಲ್ಲಿ ಬೀಗವಿತ್ತು. ಯಂತ್ರದ ಮೇನ್ ಸ್ವಿಚ್ ಇಳಿಸಿ ಬೀಗ ಹಾಕಲು ಸೇಫ್ಟಿ ಆಫೀಸರನಿಗೆ ಅಧಿಕಾರವಿದೆ, ಹಾಕಿದವನೇ ತೆಗೆಯಬೇಕೆಂಬ ನಿಯಮವೂ ಇದೆ. ಮೂರು ವರ್ಷ ಅದನ್ನು ಬಳಸುವ ಧೈರ್ಯ ಮಾಡದೆ ಚೀಟಿ ಕಟ್ಟಿಕೊಂಡಿದ್ದೆ. ಸ್ವಿಚ್ ಇಳಿಸಿದೆ, ಬೀಗ ಜಡಿದೆ, ಕೀಲಿ ಜೇಬಿಗಿಟ್ಟೆ. ಅದಕ್ಕೂ ಚಪ್ಪಾಳೆ ಬಿತ್ತು. ಪಾಳಿ ಮುಗಿದಿತ್ತು, ಗೇಟು ದಾಟಿ ನಡೆದೆ. ಹೊರಹೋಗುವಾಗಲೂ ತಟ್ಟುತ್ತಿದ್ದರು.

ಎರಡನೇ ಪಾಳಿಯವರು ಬಂದು ಪೆಡಲ್ ಒತ್ತಿದಾಗಲೇ ಪರದೆ ಬಿದ್ದಿದೆ ಎಂದು ಅವರಿಗೆ ಹೊಳೆದದ್ದು. ಬಸ್ಸಿನಲ್ಲಿ ಫೋನು ಶುರುವಾಯಿತು. ಮ್ಯಾನೇಜರ್ ಬೇಡಿಕೊಂಡರು, ಸಾರ್, ನಾಟಕ ಮುಗೀತಲ್ಲ, ಕೀ ಕೊಟ್ಟು ಹೋಗಿ. ಕಬ್ಬಿಣದ ಗಾರ್ಡ್ ಬಂದ ದಿನ ಕೀಲಿ ಬರುತ್ತದೆ ಎಂದೆ. ಬೀಗ ಒಡೆಯಬಹುದಿತ್ತು, ಒಡೆಯಲಿಲ್ಲ. ತುಂಡಾದ ಗಾರ್ಡನ್ನು ನೆನಪಿಗೆಂದು ಆಡಿಟರ್ ಕಾರಿನಲ್ಲಿ ಒಯ್ದಿದ್ದರು, ಅವರ ಕೈಯಲ್ಲಿರುವ ಸಾಕ್ಷಿ ನೆನೆದು ಮಾಲೀಕರಿಗೆ ನಿದ್ದೆ ಬಂದಿರಲಾರದು.

ಮೂರನೆಯ ದಿನ ಗಾರ್ಡ್ ಬಂತು. ಕಬ್ಬಿಣದ್ದು. ಬೆರಳಿನಿಂದ ಒತ್ತಿ ನೋಡಿದೆ, ಬೆರಳೇ ನೋಯಿತು. ಬೀಗ ತೆಗೆದೆ. ನಾಲ್ಕನೆಯ ದಿನ ನನ್ನ ಕೈಗೂ ಒಂದು ಕಾಗದ ಬಂತು: ಮುಂದಿನ ತಿಂಗಳಿನಿಂದ ಮಾದನಾಯಕನಹಳ್ಳಿಯ ನಮ್ಮ ಗೋಡೌನಿಗೆ ವರ್ಗ. ಅಲ್ಲಿ ಯಂತ್ರಗಳಿಲ್ಲ, ರಟ್ಟಿನ ಡಬ್ಬಗಳಿವೆ. ಅಪಾಯವೆಂದರೆ ಆಕಳಿಕೆ ಬರುವುದು.

ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಜೀವನದಲ್ಲಿ ಒಂದು ಸಲ ನನ್ನ ಮಾತು ನನ್ನ ಬಾಯಿಂದಲೇ ಬಂದು, ಒಂದು ಕೆಲಸ ಮಾಡಿತ್ತು. ಹೊರಡುವ ದಿನ ಆರನೇ ಪ್ರೆಸ್ಸಿನ ಬಳಿ ನಿಂತು ನೋಡಿದೆ. ಆಪರೇಟರ್ ಯಂತ್ರ ನಿಲ್ಲಿಸಿ ನನ್ನ ಬಳಿ ಬಂದರು. ಕಣ್ಣು ತುಂಬಿತ್ತು. ಈ ಒಬ್ಬರಾದರೂ ಅರ್ಥಮಾಡಿಕೊಂಡರಲ್ಲ ಎಂದು ನನ್ನ ಎದೆಯೂ ತುಂಬಿತು.

"ಸಾರ್, ನೀವು ಹೊಂಟೋಯ್ತೀರಂತೆ. ಓಗೋಕ್ಮುಂಚೆ ಒಂದು ಉಪಕಾರ ಮಾಡಿ. ಇದ್ನ ತೆಗ್ಸಾಕ್ಬುಡಿ ಸಾರ್. ಕೈ ಆಡಕ್ಕೇ ಆಯ್ತಿಲ್ಲ, ಗಂಟೆಗೆ ಐವತ್ತು ಪೀಸ್ ಬಿದ್ದೋಯ್ತಾ ಅವೆ."

ಹಾಗೆಂದು ಎರಡೂ ಕೈ ಜೋಡಿಸಿ ನನಗೆ ಮುಗಿದರು. ನಾನು ಎಣಿಸಿದೆ. ಹತ್ತೂ ಬೆರಳಿದ್ದವು.